ಚಮಚದ ಮದ್ದು, ತಕ್ಕಡಿಯ ಮದ್ದು

ಹೋದ ವರ್ಷ ಆಗಸ್ಟಿನಲ್ಲಿ ನಮ್ಮ ಕೆಳಗಿನ ಗದ್ದೆಗೆ ಕಳೆ ಮದ್ದು ಹೊಡೆಯೋಕೆ ಅಂತ ಪೇಟೆಯಿಂದ ಒಂದು ಪ್ಯಾಕೆಟ್ ತಂದೆ. ಬೀಡಿ ಕಟ್ಟಿನಷ್ಟೂ ದಪ್ಪ ಇಲ್ಲ. ಒಳಗಿದ್ದದ್ದು 8 ಗ್ರಾಂ ಪುಡಿ, ಅದು ಇಡೀ ಒಂದು ಎಕರೆಗೆ. ನನಗೆ ಹೊಡೆಯಬೇಕಿದ್ದದ್ದು 12 ಗುಂಟೆಗೆ. 40 ಗುಂಟೆಗೆ 8 ಗ್ರಾಂ ಅಂದ್ರೆ 12 ಗುಂಟೆಗೆ 2.4 ಗ್ರಾಂ. ಲೆಕ್ಕ ಸರಿಯಾಗೇ ಮಾಡಿದ್ದೆ. ಅಳೆದದ್ದು ಮಾತ್ರ ಚಮಚದಲ್ಲಿ. "ಅರ್ಧ ಚಮಚ ಇರಬಹುದು" ಅಂತ ಹಾಕಿದೆ, "ಇಷ್ಟು ಸಣ್ಣದಕ್ಕೆ ಕಳೆ ಸಾಯ್ತದಾ" ಅಂತ ಅನುಮಾನ ಬಂದು ಇನ್ನೊಂದು ಚೂರು ಹಾಕಿದೆ.

ಕಳೆ ಸತ್ತಿತು. ಭತ್ತವೂ ಹಳದಿಯಾಗಿ ಹದಿನೈದು ದಿನ ನಿಂತಲ್ಲೇ ನಿಂತಿತು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹಾಕಿದ ಉದ್ದು ಸರಿಯಾಗಿ ಏಳಲೇ ಇಲ್ಲ. ಮದ್ದಿನದ್ದು ತಪ್ಪಲ್ಲ. ತಪ್ಪು ನನ್ನ ಚಮಚದ್ದು.

ಆ ಹಳದಿ ಗದ್ದೆಯ ಬದುವಿನ ಮೇಲೆ ನಿಂತಾಗ ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪನ ಎಡಗೈ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳ್ತೀರಿ. ಸಂಬಂಧ ಇದೆ. ನಮ್ಮ ಭಾಷೆಯಲ್ಲಿ ಗಿಡಕ್ಕೆ ಹೊಡೆಯೋದೂ ಮದ್ದು, ಜ್ವರಕ್ಕೆ ಕುಡಿಯೋದೂ ಮದ್ದು, ಕೋವಿಗೆ ತುಂಬೋದೂ ಮದ್ದು. ಮೂರರ ಚರಿತ್ರೆಯಲ್ಲೂ ಒಂದೇ ಪಾಠ ಇದೆ. ನಾನು ಅದನ್ನು ಕಲಿತದ್ದು ಕೋವಿಯ ಕಡೆಯಿಂದ. ಹಾಗಾಗಿ ಈ ಸಲದ ಬರಹ ಕೋವಿ ಮದ್ದನ್ನು ತೂಗೋ ತಕ್ಕಡಿಯ ಬಗ್ಗೆ.

ಮೊದಲೇ ಹೇಳಿಬಿಡ್ತೇನೆ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ತೋಟಾ ತುಂಬೋದು ಅಪರಾಧ. 1959ರ ಆರ್ಮ್ಸ್ ಆಕ್ಟಿನ ಪ್ರಕಾರ ಮದ್ದುಗುಂಡು ತಯಾರಿಸೋಕೆ ಬೇರೆಯದೇ ಪರವಾನಗಿ ಬೇಕು, ಕೋವಿ ಇಟ್ಟುಕೊಳ್ಳೋ ಲೈಸೆನ್ಸ್ ಅದಕ್ಕೆ ಸಾಲದು. ಹಾಗಾಗಿ ಇದನ್ನು ಓದಿ ಯಾರೂ ತೋಟಾ ಬಿಚ್ಚೋಕೆ ಕೂರಬೇಡಿ. ದೊಡ್ಡಪ್ಪ ಬಿಚ್ಚಿದ್ದರು. ಅದೇ ಕಥೆ.

ಅಪ್ಪಯ್ಯನ ಬಿದಿರು ಅಳತೆ

ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಒಂದು ಕೇಪಿನ ಕೋವಿ ಇತ್ತು. ಬಾಯಿಂದ ತುಂಬುವಂಥದ್ದು. ಮದ್ದು ಹಾಕಿ, ತೆಂಗಿನ ಕತ್ತದ ಉಂಡೆ ಜಡಿದು, ಚರೆ ಹಾಕಿ, ಮತ್ತೆ ಕತ್ತ ಜಡಿದು, ಹಿಂದೆ ಕೇಪು ಇಟ್ಟರೆ ಒಂದು ಈಡು ತಯಾರು. ಮದ್ದು ಅಳೆಯೋಕೆ ಅಪ್ಪಯ್ಯನ ಹತ್ರ ಇದ್ದದ್ದು ಹೆಬ್ಬೆರಳು ಗಾತ್ರದ ಒಂದು ಬಿದಿರಿನ ಕೊಳವೆ. ಅದನ್ನು ಅಜ್ಜ ಮಾಡಿದ್ದಂತೆ. ಒಂದು ಕೊಳವೆ ತುಂಬ ಮದ್ದು, ಕೈಯಿಂದ ಒರೆಸಿ ಸಮ ಮಾಡೋದು, ಅಷ್ಟೇ. ನಾನು ಕಂಡಂತೆ ಅಪ್ಪಯ್ಯ ಯಾವತ್ತೂ ಮದ್ದನ್ನು ತೂಗಿದವರಲ್ಲ. ಒಂದು ದಿನವೂ ಆ ಕೋವಿ ಅವರಿಗೆ ಕೈಕೊಡಲಿಲ್ಲ.

ಇದರಲ್ಲಿ ಆಶ್ಚರ್ಯ ಇಲ್ಲ. ನಮ್ಮ ಹಿರಿಯರಿಗೆ ಅಳತೆ ಬೇರೆ, ತೂಕ ಬೇರೆ ಅಂತ ಚೆನ್ನಾಗೇ ಗೊತ್ತಿತ್ತು. ಭತ್ತ ಅಳೆಯೋದು ಕೊಳಗದಲ್ಲಿ, ಅಡಿಕೆ ತೂಗೋದು ಮಣದಲ್ಲಿ, ಬಂಗಾರ ತೂಗೋದು ಗುಲಗಂಜಿಯಲ್ಲಿ. ಯಾವ ವಸ್ತುವಿನಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೆ ನಷ್ಟ ಇಲ್ಲವೋ ಅದಕ್ಕೆ ಕೊಳಗ. ಯಾವುದರಲ್ಲಿ ಕೂದಲೆಳೆ ತಪ್ಪಿದರೂ ಜಗಳವೋ ಅದಕ್ಕೆ ತಕ್ಕಡಿ. ಕರಿಮದ್ದು ಆಗ ಕೊಳಗದ ಜಾತಿಯದ್ದು.

ಕರಿಮದ್ದು ಅಂದ್ರೆ ಮೂರೇ ವಸ್ತು. ಪೆಟ್ಲುಪ್ಪು, ಗಂಧಕ, ಇದ್ದಿಲು. ಇದರಲ್ಲಿ ಪೆಟ್ಲುಪ್ಪು ನಮ್ಮಂಥ ರೈತರಿಗೆ ದೂರದ ನೆಂಟ. ದನದ ಗಂಜಲ ಬಿದ್ದು ಬಿದ್ದು ಹಳೆಯದಾದ ಕೊಟ್ಟಿಗೆ ಮಣ್ಣಿನಲ್ಲಿ, ಹಳೇ ಮಣ್ಣಿನ ಗೋಡೆಯ ಬುಡದಲ್ಲಿ ಬಿಳಿ ಹೂವಿನಂತೆ ಏಳುತ್ತಲ್ಲ, ಆ ಉಪ್ಪಿನಲ್ಲಿ ಇರೋದು ಅದೇ. ಗೊಬ್ಬರದಲ್ಲಿರೋ ಸಾರಜನಕವೇ ಇಲ್ಲಿ ಬೇರೆ ವೇಷದಲ್ಲಿರೋದು. ಮಣ್ಣನ್ನು ನೀರಲ್ಲಿ ಕಲಸಿ, ಸೋಸಿ, ಕಾಯಿಸಿ ಈ ಉಪ್ಪು ತೆಗೆಯೋದು ಒಂದು ಕಾಲಕ್ಕೆ ದೊಡ್ಡ ಕಸುಬು. ಹೈದರ್, ಟಿಪ್ಪು ಕಾಲದಲ್ಲಿ ಕಬ್ಬಿಣದ ಕೊಳವೆಗೆ ತುಂಬಿ ಇಂಗ್ಲಿಷರ ಮೇಲೆ ಹಾರಿಸಿದ ಮೈಸೂರಿನ ರಾಕೆಟ್ಟುಗಳಲ್ಲಿ ಇದ್ದದ್ದೂ ಕರಿಮದ್ದೇ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟಾಗ ಅಲ್ಲಿನ ಐನ್‌ಮನೆಗಳ ಕೋವಿಗಳಿಗೆ ಬೀಳುತ್ತಿದ್ದದ್ದೂ ಇದೇ.

ಈ ಮದ್ದಿನ ಗುಣ ಏನಂದ್ರೆ, ಕ್ಷಮಿಸೋದು. ಸುಟ್ಟಾಗ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆ, ಮಸಿಯಾಗೇ ಹೋಗುತ್ತೆ. ನಳಿಗೆಯೊಳಗೆ ಒತ್ತಡ ಏರಿದರೂ ಉರಿಯೋ ವೇಗ ಹುಚ್ಚಾಪಟ್ಟೆ ಏರೋದಿಲ್ಲ. ಹಾಗಾಗಿ ಕೊಳವೆಯಲ್ಲಿ ಒಂದು ಚೂರು ಹೆಚ್ಚಾದರೆ ಭುಜಕ್ಕೆ ಒದೆ ಜಾಸ್ತಿ, ಕಮ್ಮಿಯಾದರೆ ಈಡು ಹತ್ತಿರ ಬೀಳ್ತದೆ. ಪ್ರಪಂಚದ ಎಲ್ಲಾ ಕಡೆ ಐನೂರು ವರ್ಷ ಜನ ಇದನ್ನು ಕೊಂಬು, ಕೊಳವೆ, ಚಿಪ್ಪುಗಳಲ್ಲೇ ಅಳೆದು ಬದುಕಿದರು.

ಫ್ರಾನ್ಸಿನ ತಕ್ಕಡಿ

ತಕ್ಕಡಿಗೂ ಮದ್ದಿಗೂ ಗಂಟು ಬಿದ್ದದ್ದು ಫ್ರಾನ್ಸಿನಲ್ಲಿ. ಶಾಲೆಯಲ್ಲಿ ನಾವು ಲೆವೊಸಿಯೇ ಅನ್ನೋ ಹೆಸರು ಓದಿದ್ದೇವೆ. ಆಮ್ಲಜನಕದ ಪಾಠದಲ್ಲಿ ಬರ್ತಾನೆ. ಸುಟ್ಟ ಮೇಲೂ ವಸ್ತುವಿನ ಒಟ್ಟು ತೂಕ ಕಳೆದುಹೋಗೋದಿಲ್ಲ ಅಂತ ತೂಗಿ ತೋರಿಸಿದವನು. ಅವನ ಇಡೀ ವಿದ್ಯೆ ನಿಂತಿದ್ದದ್ದು ಒಳ್ಳೆಯ ತಕ್ಕಡಿಗಳ ಮೇಲೆ. ಅದಕ್ಕಾಗಿ ಆ ಕಾಲದ ನುರಿತ ಕುಶಲಕರ್ಮಿಗಳಿಂದ ತಕ್ಕಡಿ ಮಾಡಿಸಿಕೊಂಡಿದ್ದ. ಶಾಲೆಯಲ್ಲಿ ಹೇಳದ ಇನ್ನೊಂದು ವಿಷಯ ಅಂದ್ರೆ, 1775ರಿಂದ ಅವನು ಫ್ರಾನ್ಸ್ ಸರ್ಕಾರದ ಕೋವಿಮದ್ದು ಇಲಾಖೆಯ ಮುಖ್ಯಸ್ಥರಲ್ಲಿ ಒಬ್ಬ. ಅವನ ಕಾಲದಲ್ಲಿ ಅಲ್ಲಿನ ಮದ್ದಿನ ಗುಣಮಟ್ಟ ಬಹಳ ಸುಧಾರಿಸಿತು. ಕ್ರಾಂತಿಯಾದಾಗ, 1794ರ ಮೇ 8ರಂದು ಅವನ ತಲೆ ಕಡಿದರು. ಅದು ಬೇರೆ ಕಥೆ.

ಅವನ ಕೈಕೆಳಗೆ ಮದ್ದು ಮಾಡೋದನ್ನು ಕಲಿತ ಒಬ್ಬ ಹುಡುಗ ಅಮೆರಿಕಕ್ಕೆ ಹೋದ. ಹೆಸರು ಡುಪಾಂಟ್. 1802ರಲ್ಲಿ ಡೆಲವೇರ್ ಅನ್ನೋ ಕಡೆ, ಬ್ರ್ಯಾಂಡಿವೈನ್ ಹೊಳೆ ದಂಡೆಯಲ್ಲಿ ಕರಿಮದ್ದಿನ ಗಿರಣಿ ಹಾಕಿದ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಇವನ ಕಂಪನಿ ನಮ್ಮ ಗದ್ದೆಗೇ ಬರ್ತದೆ.

1884: ಮದ್ದು ಬದಲಾಯಿತು, ಕೈ ಬದಲಾಗಲಿಲ್ಲ

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಅನ್ನೋ ರಸಾಯನ ತಜ್ಞ ಹೊಗೆಯಿಲ್ಲದ ಮದ್ದು ಮಾಡಿದ. ಎರಡೇ ವರ್ಷಕ್ಕೆ, 1886ರಲ್ಲಿ, ಫ್ರಾನ್ಸಿನ ಸೈನ್ಯ ಅದಕ್ಕೆ ಹೊಂದುವ ಲೆಬೆಲ್ ರೈಫಲ್ ತಂದಿತು. ನೊಬೆಲ್ 1887ರಲ್ಲಿ ತನ್ನದೊಂದು ಬಗೆ ಮಾಡಿದ. ಇಂಗ್ಲೆಂಡಿನವರು 1889ರಲ್ಲಿ ಕಾರ್ಡೈಟ್ ಮಾಡಿದರು. ಆ ಕಾರ್ಡೈಟ್ ನಮ್ಮ ಪಕ್ಕಕ್ಕೂ ಬಂತು. ನೀಲಗಿರಿಯಲ್ಲಿ ಕೂನೂರಿನ ಹತ್ತಿರ ಅರುವಂಕಾಡು ಅಂತ ಸಿಗ್ತದಲ್ಲ, ಊಟಿ ರೈಲು ಹೋಗೋ ದಾರಿಯಲ್ಲಿ, ಅಲ್ಲಿನ ಕಾರ್ಡೈಟ್ ಕಾರ್ಖಾನೆ ಶುರುವಾದದ್ದು 1900ರ ಆಸುಪಾಸಿನ ಆ ಮೊದಲ ವರ್ಷಗಳಲ್ಲೇ.

ಹೊಸ ಮದ್ದಿನ ಶಕ್ತಿ ತೂಕಕ್ಕೆ ತೂಕ ಕರಿಮದ್ದಿನ ಸುಮಾರು ಮೂರು ಪಟ್ಟು. ಗುಣವೂ ಬೇರೆ. ಒತ್ತಡ ಏರಿದಷ್ಟೂ ಇದು ಬೇಗ ಉರೀತದೆ, ಬೇಗ ಉರಿದಷ್ಟೂ ಒತ್ತಡ ಇನ್ನೂ ಏರ್ತದೆ. ಇಳಿಜಾರಲ್ಲಿ ಬ್ರೇಕ್ ಹೋದ ಗಾಡಿ ಇದ್ದಂತೆ. ಇದಕ್ಕೆ ಕ್ಷಮಿಸೋ ಗುಣ ಇಲ್ಲ.

ಆದರೆ ಜನರ ಕೈಯಲ್ಲಿ ಇದ್ದದ್ದು ಹಳೇ ಕೊಳವೆಗಳೇ. ಕಂಪನಿಗಳಿಗೂ ಇದು ಗೊತ್ತಿತ್ತು. ಹಾಗಾಗಿ ಅವರು ಒಂದು ಉಪಾಯ ಮಾಡಿದರು. ಮದ್ದನ್ನು ಹಗುರ, ಅರಳು ಅರಳಾಗಿ ಮಾಡಿ, ಹಳೇ ಕೊಳವೆಯಲ್ಲಿ ಅಷ್ಟೇ ಅಳತೆ ತುಂಬಿದರೂ ಕರಿಮದ್ದಿನಷ್ಟೇ ಕೆಲಸ ಆಗೋ ಹಾಗೆ ಹೊಂದಿಸಿದರು. ಇದಕ್ಕೆ ಬಲ್ಕ್ ಪೌಡರ್ ಅನ್ನೋ ಹೆಸರು. ಪ್ರಷ್ಯಾದ ಸೈನ್ಯದ ಶುಲ್ಟ್ಸೆ ಅನ್ನೋ ಅಧಿಕಾರಿ ಮರದ ಪುಡಿಯಿಂದ 1860ರ ದಶಕದಲ್ಲೇ ಮಾಡಿದ ಮದ್ದು ಈ ಸಾಲಿಗೆ ಸೇರಿದ್ದು. ಅದು ಅಳತೆಯ ಮದ್ದು. ಅದರ ಪಕ್ಕದಲ್ಲೇ ಅದೇ ಅಂಗಡಿಯಲ್ಲಿ ಡೆನ್ಸ್ ಪೌಡರ್ ಅನ್ನೋ ಗಟ್ಟಿ ಮದ್ದೂ ಬಂತು. ಅದು ತೂಕದ ಮದ್ದು. ಗಟ್ಟಿ ಮದ್ದನ್ನು ಹಳೇ ಕೊಳವೆ ತುಂಬ ಹಾಕಿದವನ ಕೋವಿ ಒಡೀತು.

ಇನ್ನೊಂದು ಗೊಂದಲ ತೋಟಾ ಪೆಟ್ಟಿಗೆಯ ಮೇಲಿನ ಅಕ್ಷರದಿಂದ ಬಂತು. ಕರಿಮದ್ದಿನ ಕಾಲದಲ್ಲಿ ತೋಟಾಕ್ಕೆ ಇಷ್ಟು ಡ್ರಾಮ್ ಮದ್ದು ಅಂತ ಹೇಳ್ತಿದ್ದರು. ಹೊಸ ಮದ್ದು ಬಂದ ಮೇಲೂ ಗಿರಾಕಿಗೆ ಅರ್ಥವಾಗಲಿ ಅಂತ ಪೆಟ್ಟಿಗೆಯ ಮೇಲೆ '3 ಡ್ರಾಮ್ ಈಕ್ವಿವಲೆಂಟ್' ಅಂತ ಮುದ್ರಿಸಿದರು. ಅಂದ್ರೆ 3 ಡ್ರಾಮ್ ಕರಿಮದ್ದು ಹಾಕಿದಾಗ ಚರೆ ಎಷ್ಟು ವೇಗದಲ್ಲಿ ಹೋಗ್ತಿತ್ತೋ ಅಷ್ಟು ವೇಗ, ಅಷ್ಟೇ ಅರ್ಥ. ಒಳಗೆ 3 ಡ್ರಾಮ್ ಹೊಸ ಮದ್ದು ಇದೆ ಅಂತ ಅಲ್ಲ. ಇದನ್ನು ತಪ್ಪಾಗಿ ಓದಿ 3 ಡ್ರಾಮ್ ತೂಗಿ ಹಾಕಿಕೊಂಡವನಿಗೆ ತಕ್ಕಡಿ ಇದ್ದೂ ಉಪಯೋಗ ಆಗಲಿಲ್ಲ. ತೂಗೋದಕ್ಕೆ ಮೊದಲು ಏನು ಬರೆದಿದೆ ಅಂತ ಓದೋಕೆ ಬರಬೇಕು.

ದೊಡ್ಡಪ್ಪ

ನಾನು ಎಸೆಸೆಲ್ಸಿ ಬರೆದ ವರ್ಷ, 1986. ಮಳೆಗಾಲ ಮುಗಿದು ಭತ್ತ ಹಾಲು ತುಂಬೋ ಸಮಯ. ಹಂದಿ ಕಾಟ ವಿಪರೀತ. ಪೇಟೆಯ ಅಂಗಡಿಯಲ್ಲಿ ಕರಿಮದ್ದು ಬಂದಿರಲಿಲ್ಲ. ದೊಡ್ಡಪ್ಪನ ಹತ್ರ ಯಾರೋ ಕೊಟ್ಟಿದ್ದ ಹನ್ನೆರಡು ಬೋರಿನ ತೋಟಾ ಎರಡೋ ಮೂರೋ ಇದ್ದವು. ಅವರ ಕೇಪಿನ ಕೋವಿಗೆ ಅದು ಹಾಕೋಕೆ ಬರೋದಿಲ್ಲ. "ಮದ್ದು ಮದ್ದೇ ಅಲ್ವಾ" ಅಂತ ತೋಟಾ ಬಿಚ್ಚಿ ಒಳಗಿನ ಪುಡಿ ತೆಗೆದರು. ನಮ್ಮ ಮನೆಗೆ ಬಂದು ಅಪ್ಪಯ್ಯನ ಬಿದಿರು ಕೊಳವೆ ಇಸ್ಕೊಂಡು ಹೋದರು. ಕೊಟ್ಟದ್ದು ನಾನೇ. ಅಪ್ಪಯ್ಯ ತೋಟದಲ್ಲಿದ್ದರು.

ರಾತ್ರಿ ಒಂದೇ ಶಬ್ದ ಕೇಳಿಸ್ತು. ಹಂದಿ ಹೊಡೆದರು ಅಂತ ನಾವು ಅಂದುಕೊಂಡೆವು. ನಳಿಗೆ ಹಿಂಭಾಗದಲ್ಲಿ ಬಾಳೆ ಸಿಪ್ಪೆ ಸುಲಿದ ಹಾಗೆ ಸೀಳಿತ್ತು. ದೊಡ್ಡಪ್ಪನ ಎಡಗೈಯ ಹೆಬ್ಬೆರಳು, ಪಕ್ಕದ ಎರಡು ಬೆರಳು ಹೋದವು. ಕಣ್ಣು ಉಳಿದದ್ದು ದೇವರ ದಯೆ. ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದ್ದರು. ಅಡಿಕೆ ಸುಲಿಯೋಕೆ ಕೂತಾಗ ಆ ಕೈಯನ್ನು ಪಂಚೆಯೊಳಗೆ ಇಟ್ಟುಕೊಳ್ತಿದ್ದರು. ಅಪ್ಪಯ್ಯ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಕೊಳವೆಯನ್ನು ಮಾತ್ರ ಒಲೆಗೆ ಹಾಕಿದರು.

ಬಿದಿರು ಕೊಳವೆ ಸುಳ್ಳು ಹೇಳಿರಲಿಲ್ಲ. ಅದು ಅಜ್ಜನ ಕಾಲದಿಂದ ಹೇಳ್ತಿದ್ದದ್ದನ್ನೇ ಹೇಳಿತು. ಒಳಗೆ ಬಿದ್ದ ಮದ್ದು ಬೇರೆ ಜಾತಿಯದ್ದು. ಆ ಕೋವಿಗೆ ಆ ಮದ್ದು ಎಷ್ಟೇ ತೂಗಿ ಹಾಕಿದರೂ ಸಲ್ಲದು ಅನ್ನೋದು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ.

ಅಮೆರಿಕದ ಮನೆಗಳಲ್ಲಿ

ಮನೆಯ ಮೇಜಿನ ಮೇಲೆ ಸಾಮಾನ್ಯ ಜನ ಇಷ್ಟು ಸಣ್ಣ ತೂಕ ತೂಗೋ ಅಭ್ಯಾಸ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಹಾರಿಸಿದ ಹಿತ್ತಾಳೆ ತೋಟಾವನ್ನು ಎತ್ತಿಟ್ಟು ಮತ್ತೆ ತುಂಬೋದು ಕಾನೂನಿನ ಒಳಗಿನ ಹವ್ಯಾಸ. 1870ರ ದಶಕದ ಕಾಡೆಮ್ಮೆ ಬೇಟೆಗಾರರು ದುಡ್ಡು ಉಳಿಸೋಕೆ ಶುರು ಮಾಡಿದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಮಿಕ್ಕ ಮದ್ದನ್ನು ಕಾನ್ಸಾಸಿನ ಬ್ರೂಸ್ ಹಾಜ್ಡನ್ ಅನ್ನುವವರು ಸಗಟು ಕೊಂಡು ಚಿಲ್ಲರೆಯಾಗಿ ಅಗ್ಗಕ್ಕೆ ಮಾರಿದರು. ಹವ್ಯಾಸ ಮನೆಮನೆಗೆ ಬಂತು. ಈಗ ಎಲ್ಲರಿಗೂ ತಕ್ಕಡಿ ಬೇಕು, ಆದರೆ ಪ್ರಯೋಗಾಲಯದ ತಕ್ಕಡಿ ಕೊಳ್ಳೋ ಶಕ್ತಿ ಎಲ್ಲರಿಗೂ ಇಲ್ಲ.

1958ರಲ್ಲಿ ವಿಸ್ಕಾನ್ಸಿನ್‌ನ ರಿಚರ್ಡ್ ಲೀ ಅನ್ನುವವರು ಮನೆಯ ವರ್ಕ್‌ಶಾಪಿನಲ್ಲಿ ಒಂದು ಅಗ್ಗದ ಸೆಟ್ಟು ಮಾಡಿದರು. ಅದರಲ್ಲಿ ತಕ್ಕಡಿ ಇರಲಿಲ್ಲ, ಬದಲಿಗೆ ಒಂದು ಚಮಚ! ಆದರೆ ಇದು ನನ್ನ ಅಡುಗೆಮನೆ ಚಮಚದಂಥದ್ದಲ್ಲ. ಯಾವ ಹೆಸರಿನ ಮದ್ದಿಗೆ ಯಾವ ಚಮಚ, ಒಂದು ಚಮಚಕ್ಕೆ ಎಷ್ಟು ತೂಕ ಅಂತ ಮೊದಲೇ ತೂಗಿ ಪಟ್ಟಿ ಮಾಡಿಕೊಟ್ಟಿದ್ದರು. ಅಂದ್ರೆ ತಕ್ಕಡಿಯ ಕೆಲಸವನ್ನು ಕಂಪನಿ ಒಮ್ಮೆ ಮಾಡಿ, ಅದರ ಫಲವನ್ನು ಚಮಚಕ್ಕೆ ಇಳಿಸಿತ್ತು. ಮದ್ದಿನ ಹೆಸರು ಬದಲಾದರೆ ಚಮಚವೂ ಬದಲು. ಯಾಕಂದ್ರೆ ಒಂದು ಮದ್ದು ಚಕ್ಕೆ ಚಕ್ಕೆ, ಇನ್ನೊಂದು ಸಾಸಿವೆ ಹಾಗೆ ಗುಂಡು, ಮತ್ತೊಂದು ಸಣ್ಣ ಕಡ್ಡಿ. ಒಂದೇ ಚಮಚದಲ್ಲಿ ಮೂರರ ತೂಕ ಮೂರು ಬಗೆ.

ಆಮೇಲೆ ಇದೇ ಲೀ ಕಂಪನಿ ಅಗ್ಗದ ತಕ್ಕಡಿಯನ್ನೂ ಮಾರಿತು. ದುಬಾರಿ ಕಡೆಯಲ್ಲಿ ಒಹಾಸ್ ಅನ್ನೋ, 1907ರಿಂದ ತಕ್ಕಡಿ ಮಾಡ್ತಿದ್ದ ಕಂಪನಿ ಬೇರೆಯವರ ಹೆಸರಿನಲ್ಲೂ ಮಾಡಿಕೊಡ್ತಿತ್ತು. ಎರಡರ ತತ್ವ ಒಂದೇ, ಸಂತೆಯಲ್ಲಿ ಹಿಂದೆ ಹಿಡೀತಿದ್ದ ತೂಗುಕೋಲಿನದ್ದೇ. ಒಂದು ದಂಡ, ಒಂದು ಕಡೆ ತಟ್ಟೆ, ಇನ್ನೊಂದು ಕಡೆ ಗೀರುಗಳ ಮೇಲೆ ಸರಿಸೋ ಗುಂಡು. ದಂಡ ನಿಂತಿರೋದು ಚಾಕುವಿನ ಅಲಗಿನಂಥ ಅಂಚಿನ ಮೇಲೆ. ಬಾಲದಲ್ಲಿ ಒಂದು ತಾಮ್ರದ ಚೂರು ಎರಡು ಅಯಸ್ಕಾಂತಗಳ ಮಧ್ಯೆ ಓಡಾಡ್ತದೆ, ಅದರಿಂದ ದಂಡದ ತೂಗಾಟ ಬೇಗ ನಿಲ್ತದೆ. ಕರೆಂಟು ಬೇಡ, ಸೆಲ್ ಬೇಡ. ಹಿಡಿಯೋ ತೂಕ ಒಂದು ಗ್ರೇನಿನ ಹತ್ತನೇ ಒಂದು ಪಾಲು.

ಗ್ರೇನ್ ಅಂದ್ರೆ ಕಾಳು

ಗ್ರೇನ್ ಅನ್ನೋ ಮಾತು ನಮಗೆ ಹತ್ತಿರದ್ದು. ಅದು ಜವೆಗೋಧಿಯ ಒಂದು ಕಾಳಿನ ತೂಕದಿಂದ ಬಂದದ್ದು. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಗ್ರಾಂ ಲೆಕ್ಕದಲ್ಲಿ ಒಂದು ಗ್ರಾಂಗೆ 15.43 ಗ್ರೇನ್. ಇವತ್ತಿಗೂ ಕೋವಿಯ ಮದ್ದನ್ನು ಅಮೆರಿಕದಲ್ಲಿ ತೂಗೋದು ಈ ಕಾಳಿನ ಲೆಕ್ಕದಲ್ಲೇ.

ಈ ಕಾಳು ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲೂ ಇದೆ. ನಮ್ಮಲ್ಲಿ ಅಕ್ಕಸಾಲಿಗರು ಗುಲಗಂಜಿ ಇಟ್ಟು ಬಂಗಾರ ತೂಗ್ತಿದ್ದರು. ಕಂಪನಿ ಸರ್ಕಾರ 1833ರಲ್ಲಿ ತೊಲವನ್ನು 180 ಗ್ರೇನ್ ಅಂತ ಗೊತ್ತು ಮಾಡಿತು, ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. 96 ಗುಲಗಂಜಿಗೆ ಒಂದು ತೊಲ. ಅಂದ್ರೆ 11.66 ಗ್ರಾಂ. ಅಜ್ಜಿಯರು 'ಒಂದು ರೂಪಾಯಿ ತೂಕ ಅರಿಶಿನ' ಅಂತಿದ್ದದ್ದು ಅದಕ್ಕೇ. ನಾಣ್ಯವೇ ತೂಕದ ಕಲ್ಲು. 1956ರ ತೂಕ ಅಳತೆ ಕಾಯ್ದೆ ಬಂದು, 1958ರ ಅಕ್ಟೋಬರಿನಿಂದ ಕಿಲೋ, ಗ್ರಾಂ ಶುರುವಾದ ಮೇಲೆ ಇದೆಲ್ಲ ಮರೆತುಹೋಯ್ತು. ಒಂದು ಗ್ರೇನಿನ ಹತ್ತನೇ ಪಾಲು ಅಂದ್ರೆ ಎಷ್ಟು ಸಣ್ಣದು ಅಂತ ಬೇಕಾದರೆ, ಒಂದು ಗುಲಗಂಜಿಯನ್ನು ಹದಿನೆಂಟು ಹತ್ತೊಂಬತ್ತು ಪಾಲು ಮಾಡಿ ನೋಡಿ.

ಅಂಕಿ ತೋರಿಸೋ ತಕ್ಕಡಿ

ಈಗ ಎಲ್ಲ ಕಡೆ ಬಂದಿರೋದು ಎಲೆಕ್ಟ್ರಾನಿಕ್ ತಕ್ಕಡಿ. ಅದರ ಬೇರು 1938ರಲ್ಲಿದೆ. ತಂತಿಯನ್ನು ಎಳೆದರೆ ಅದರಲ್ಲಿ ಕರೆಂಟು ಹರಿಯೋದಕ್ಕೆ ಅಡ್ಡಿ ಬದಲಾಗ್ತದೆ ಅಂತ ಲಾರ್ಡ್ ಕೆಲ್ವಿನ್ 1856ರಲ್ಲೇ ಹೇಳಿದ್ದ. ಅದನ್ನು ಹಿಡಿದು 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಜ್ ಅನ್ನೋ ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಅಂಟಿಸೋ ತಂತಿ ಮಾಪಕ ಮಾಡಿದರು. ಇವತ್ತಿನ ತಕ್ಕಡಿಯೊಳಗೆ ಒಂದು ಲೋಹದ ತುಂಡು, ಅದಕ್ಕೆ ಈ ಮಾಪಕ ಅಂಟಿಸಿರ್ತಾರೆ. ಭಾರ ಬಿದ್ದಾಗ ತುಂಡು ಕಣ್ಣಿಗೆ ಕಾಣದಷ್ಟು ಬಾಗ್ತದೆ, ಅಡ್ಡಿ ಬದಲಾಗ್ತದೆ, ಅಂಕಿ ಬರ್ತದೆ.

ಅಗ್ಗದ್ದು ಯಾವುದು ಕೊಳ್ಳಬೇಕು ಅಂತ ತಿಳಿಯೋಕೆ ಮೂರು ವಿಷಯ ಸಾಕು. ತೋಟಾ ತುಂಬುವವರು ಬೆರಳು ಕಳಕೊಂಡು ಕಲಿತದ್ದನ್ನು ನಾವು ಪುಕ್ಕಟೆ ಕಲೀಬಹುದು.

ಒಂದು, ಎಷ್ಟು ಸಣ್ಣ ತೂಕ ಬೇಕು ಅನ್ನೋದು. ಅಡುಗೆಮನೆಯ 5 ಕಿಲೋ ತಕ್ಕಡಿ 1 ಗ್ರಾಂ ಹೆಜ್ಜೆಯಲ್ಲಿ ತೋರಿಸ್ತದೆ. ನನ್ನ 2.4 ಗ್ರಾಂ ಅದರಲ್ಲಿ ಬರೀ 2 ಅಂತ ಕಾಣ್ತದೆ. ಉಪಯೋಗ ಇಲ್ಲ. ಎರಡು ಸೊನ್ನೆಯ ಜೇಬು ತಕ್ಕಡಿ 0.01 ಗ್ರಾಂ ತೋರಿಸ್ತದೆ. ನಮಗೆ ಧಾರಾಳ ಸಾಕು. ಆದರೆ 0.01 ಗ್ರಾಂ ಅಂದ್ರೆ 0.15 ಗ್ರೇನ್, ಹಾಗಾಗಿ ಗ್ರೇನಿನ ಹತ್ತನೇ ಪಾಲು ಬೇಕಾದ ತೋಟಾ ತುಂಬುವವನಿಗೆ ಅದೇ ತಕ್ಕಡಿ ಸಾಲದು. ಒಬ್ಬನಿಗೆ ಒಳ್ಳೆಯ ತಕ್ಕಡಿ ಇನ್ನೊಬ್ಬನಿಗೆ ಅಪಾಯ.

ಎರಡು, ಅಂಕಿ ತೋರಿಸೋದು ಬೇರೆ, ಅಂಕಿ ನಿಜ ಆಗಿರೋದು ಬೇರೆ. ಎರಡು ಸೊನ್ನೆ ಹಚ್ಚೋಕೆ ಹೆಚ್ಚು ಖರ್ಚಿಲ್ಲ. ಬಿಸಿಲಿಂದ ಒಳಗೆ ತಂದ ಕೂಡಲೇ ತೂಗಿದರೆ ಒಂದು ಅಂಕಿ, ಹತ್ತು ನಿಮಿಷ ಬಿಟ್ಟು ತೂಗಿದರೆ ಇನ್ನೊಂದು. ಫ್ಯಾನ್ ಗಾಳಿಗೆ ಮತ್ತೊಂದು. ನಾನು ಮೊದಲು ತಂದ ತಕ್ಕಡಿ ಬೆಳಿಗ್ಗೆ ಒಂದು, ಸಂಜೆ ಒಂದು ಹೇಳ್ತಿತ್ತು. ಅಲ್ಲದೆ ಪುಡಿಯನ್ನು ಚೂರು ಚೂರೇ ಉದುರಿಸಿದರೆ ಅಗ್ಗದ ತಕ್ಕಡಿ ಅದನ್ನು ಗಮನಕ್ಕೇ ತಗೊಳ್ಳೋದಿಲ್ಲ, ತನ್ನದೇ ಅಲುಗಾಟ ಅಂತ ತಿಳಿದು ಸೊನ್ನೆಗೆ ಎಳೀತದೆ. ತಟ್ಟೆಯನ್ನು ಎತ್ತಿ ಮತ್ತೆ ಇಟ್ಟರೆ ನಿಜ ಹೇಳ್ತದೆ.

ಮೂರು, ಪರೀಕ್ಷೆಯ ಕಲ್ಲು. ತೋಟಾ ತುಂಬೋ ಹಳಬರು ತಕ್ಕಡಿಗಿಂತ ಇದಕ್ಕೆ ಬೆಲೆ ಕೊಡ್ತಾರೆ. ಗೊತ್ತಿರೋ ಒಂದು ತೂಕವನ್ನು ಪ್ರತಿ ಸಲ ಮೊದಲು ಇಟ್ಟು ನೋಡೋದು. ದುಬಾರಿ ತಕ್ಕಡಿಯನ್ನು ಪರೀಕ್ಷಿಸದೆ ನಂಬೋದಕ್ಕಿಂತ ಅಗ್ಗದ್ದನ್ನು ಪರೀಕ್ಷಿಸಿ ನಂಬೋದು ಮೇಲು.

ಮತ್ತೆ ನಮ್ಮ ಗದ್ದೆಗೆ

ಡುಪಾಂಟ್ ಹೆಸರು ನೆನಪಿದೆಯಲ್ಲ? ಕರಿಮದ್ದಿನ ಗಿರಣಿಯವನು. ಅದೇ ಕಂಪನಿಯಲ್ಲಿ 1970ರ ದಶಕದಲ್ಲಿ ಜಾರ್ಜ್ ಲೆವಿಟ್ ಅನ್ನೋ ವಿಜ್ಞಾನಿ ಸಲ್ಫೋನಿಲ್ ಯೂರಿಯಾ ಅನ್ನೋ ಜಾತಿಯ ಕಳೆನಾಶಕ ಕಂಡುಹಿಡಿದರು. ಅದಕ್ಕಿಂತ ಮುಂಚೆ ಎಕರೆಗೆ ಕಳೆ ಮದ್ದು ಅಂದ್ರೆ ನೂರಾರು ಗ್ರಾಂ. ನಮ್ಮ 2,4-ಡಿ ಪುಡಿಯನ್ನು ಎಕರೆಗೆ 400 ಗ್ರಾಂ ಲೆಕ್ಕದಲ್ಲಿ ಹಾಕಿದ್ದು ನಿಮಗೂ ನೆನಪಿರಬಹುದು. ಈ ಹೊಸ ಜಾತಿ ಬಂದ ಮೇಲೆ ಲೆಕ್ಕ ಬೆರಳೆಣಿಕೆಯ ಗ್ರಾಂಗೆ ಇಳೀತು. 400 ಗ್ರಾಮಿನಲ್ಲಿ ಒಂದು ಚಮಚ ಹೆಚ್ಚಾದರೆ ಗದ್ದೆ ಕ್ಷಮಿಸ್ತಿತ್ತು. 8 ಗ್ರಾಮಿನಲ್ಲಿ ಒಂದು ಚಮಚ ಅಂದ್ರೆ ಹೆಚ್ಚೂಕಮ್ಮಿ ಅರ್ಧ ಎಕರೆಯ ಮದ್ದು.

ಕರಿಮದ್ದಿನಿಂದ ಹೊಗೆಯಿಲ್ಲದ ಮದ್ದಿಗೆ ಆದ ಬದಲಾವಣೆಯೇ ನೂರು ವರ್ಷ ಬಿಟ್ಟು ಕಳೆ ಮದ್ದಿಗೂ ಆಯ್ತು. ಹುಳದ ಮದ್ದಿಗೂ ಅಷ್ಟೇ, ಲೀಟರಿಗೆ ಅರ್ಧ ಗ್ರಾಂ ಹಾಕೋ ಪುಡಿಗಳು ಈಗ ಎಷ್ಟು ಬೇಕಾದರೂ ಇವೆ. ಮದ್ದು ಬದಲಾಯಿತು, ನಮ್ಮ ಕೈ ಬದಲಾಗಲಿಲ್ಲ. ನಾವು ಸಣ್ಣ ಹಿಡುವಳಿಯವರು. ಪ್ಯಾಕೆಟ್ ಎಕರೆ ಲೆಕ್ಕದಲ್ಲಿ ಬರ್ತದೆ, ನಮ್ಮದು ಗುಂಟೆ ಲೆಕ್ಕ. ಎಕರೆಗಟ್ಟಲೆ ಇರೋರು ಪ್ಯಾಕೆಟ್ ಒಡೆದು ಸುರಿದರೆ ಮುಗೀತು. ಪಾಲು ಮಾಡಬೇಕಾದವರು ನಾವೇ. ಹಾಗಾಗಿ ತಕ್ಕಡಿ ನಮಗೇ ಹೆಚ್ಚು ಬೇಕು.

ಈ ವರ್ಷ ₹450 ಕೊಟ್ಟು 0.01 ಗ್ರಾಮಿನ ಒಂದು ತಕ್ಕಡಿ ತಂದೆ. ದೇವರ ಪೆಟ್ಟಿಗೆಯಿಂದ ಅಜ್ಜಿಯ ಕಾಲದ ರಾಣಿ ರೂಪಾಯಿ ತೆಗೆದು ಇಟ್ಟೆ. 11.58 ತೋರಿಸ್ತು. 11.66 ಇರಬೇಕಿತ್ತು. ತಕ್ಕಡಿ ಸುಳ್ಳೋ, ರೂಪಾಯಿ ಸವೆದದ್ದೋ? ಪೇಟೆಯಲ್ಲಿ ಬಂಗಾರದ ಅಂಗಡಿಗೆ ಹೋಗಿ, ಸರ್ಕಾರದ ಮುದ್ರೆ ಇರೋ ಅವರ ತಕ್ಕಡಿಯಲ್ಲಿ ತೂಗಿಸಿದೆ. 11.59 ಬಂತು. ಸವೆದದ್ದು ರೂಪಾಯಿ. ಈಗ ಆ ರಾಣಿಯೇ ನನ್ನ ಪರೀಕ್ಷೆಯ ಕಲ್ಲು. ಮದ್ದು ತೂಗೋಕೆ ಮೊದಲು ಅವಳನ್ನು ಇಟ್ಟು ನೋಡ್ತೇನೆ, 11.58 ಬಂದರೆ ಮುಂದೆ. ರೂಪಾಯಿ ಇಲ್ಲದವರು ದನಕ್ಕೆ ಚುಚ್ಚೋ ಹೊಸ ಸಿರಿಂಜಿನಲ್ಲಿ 10 ಎಂಎಲ್ ನೀರು ಹಾಕಿ ನೋಡಿ, ಹತ್ತಿರ ಹತ್ತಿರ 10 ಗ್ರಾಂ ಬರಬೇಕು. ಸಿರಿಂಜಿನ ಗೆರೆ ಅಷ್ಟೇನೂ ನಿಖರ ಅಲ್ಲ, ಆದರೆ ದೊಡ್ಡ ಸುಳ್ಳು ಹಿಡಿಯೋಕೆ ಸಾಕು.

ಮೊನ್ನೆ 12 ಗುಂಟೆಗೆ 2.4 ಗ್ರಾಂ ತೂಗಿ ಹೊಡೆದೆ. ಕಾಗದದ ಮೇಲೆ ಅದು ಎಷ್ಟು ಕಾಣ್ತದೆ ಗೊತ್ತಾ? ನಾನು ಹೋದ ವರ್ಷ ಹಾಕಿದ್ದು ಅದರ ಎರಡು ಪಟ್ಟಿಗಿಂತ ಹೆಚ್ಚೇ ಇರಬೇಕು. ಗದ್ದೆ ಈಗ ಹಸಿರಾಗಿದೆ.

ಒಂದೆರಡು ಮಾತು ಮರೆಯಬೇಡಿ. ಮದ್ದು ತೂಗೋ ತಕ್ಕಡಿ ಅಡುಗೆಮನೆಗೆ ಹೋಗಬಾರದು. ಗಾಳಿ ಇಲ್ಲದ ಕಡೆ ಕೂತು, ಕೈಗವಸು ಹಾಕಿ, ತೂಗಿದ ಕಾಗದವನ್ನು ಸ್ಪ್ರೇ ನೀರಲ್ಲೇ ತೊಳೀರಿ.

ನಮ್ಮೂರ ಸುತ್ತ ಹತ್ತು ಮನೆಗೆ ಒಂದು ತಕ್ಕಡಿ ಸಾಕು. ನಮ್ಮದು ಜಗಲಿಯ ಕಪಾಟಿನಲ್ಲಿ ಇದೆ. ಪ್ಯಾಕೆಟ್ ತಗೊಂಡು ಬನ್ನಿ, ಗುಂಟೆ ಹೇಳಿ, ತೂಗಿ ಕೊಡ್ತೇನೆ. ಆವತ್ತು ದೊಡ್ಡಪ್ಪ ಕೇಳಿದಾಗ ನಾನು ಕೊಳವೆ ಕೊಟ್ಟೆ. ಈಗ ಯಾರು ಕೇಳಿದರೂ ತಕ್ಕಡಿ ಕೊಡ್ತೇನೆ.